ಸೀಮೆಕಾಯಿ

ಇನ್ನೆರಡು ಗಾಳಿ ಬೀಸಲಿ, ಉದುರುತ್ತವೆ
ಎಂದಿದ್ದಳು ಮೊರ್ವಿದ್.
ಒಂದೇ ಗಾಳಿಗೆ ಉದುರಿದವು.
ಹಸಿರು ಸಿಪ್ಪೆ ಕೊಳೆತು ಮಸಿಯಾಗಿ,
ಬುಟ್ಟಿ ತುಂಬುವಷ್ಟರಲ್ಲಿ ಅವಳ ಹತ್ತೂ ಬೆರಳು
ಕರ್ರಗೆ, ಮದುವೆಯುಂಗುರದ ಅಡಿಗೂ.

ಮರ ನಿಂತಿರುವುದು ಹಳೆಯ ಮಣ್ಣಿನ ಏರಿಯ ಮೇಲೆ.
ಯಾವನೋ ರಾಜ, ಆಚೆಯವರು ಈಚೆ ಬಾರದಿರಲೆಂದು
ಕಟ್ಟಿಸಿದ್ದಂತೆ. ಈಗ ಕುರಿಗಳು ದಾಟುತ್ತವೆ.
ಏರಿ ಕಡಿದಲ್ಲಿ, ಗುರುವಾರಕ್ಕೊಮ್ಮೆ, ಬ್ರೆಡ್ಡಿನ ವ್ಯಾನು.
ನಲವತ್ತೊಂದು ವರ್ಷದ ಹಿಂದೆ ಮೊರ್ವಿದ್ ದಾಟಿದಳು,
ಒಂದು ಟ್ರಂಕು, ಒಂದು ಹೊಲಿಗೆ ಮಿಶನ್ನು,
ಶ್ರೂಸ್‌ಬರಿಯ ದನದ ಸಂತೆಯಲ್ಲಿ ಸಿಕ್ಕ ಗಂಡ.
ಅತ್ತೆ ಸಾಯುವವರೆಗೂ ಹೆಸರು ಹಿಡಿದು ಕರೆಯಲಿಲ್ಲ;
"ಆ ವೆಲ್ಶಿನವಳು" ಎಂದೇ, ಉಪ್ಪು ಬೇಕಾದಾಗಲೂ.

ಬೇಲಿಯಾಚೆಯ ಟಿಮ್ಮಿಸ್ ಮೇಷ್ಟ್ರು
ಕಾಯಿ ಒಡೆಯುವ ಮೊದಲು ಮಾತು ಒಡೆಯುವವರು:
"ವಾಲ್‌ನಟ್. ನಟ್ ಅಂದರೆ ಕಾಯಿ, ಅದು ಸರಿ.
ವಾಲ್ ಅಂದರೆ ಗೋಡೆ ಅಂದುಕೊಂಡಿರಾ? ಅಲ್ಲ.
ನಮ್ಮ ಹಿರಿಯರ ಬಾಯಲ್ಲಿ ಅದು ಹೊರಗಿನವನು,
ತಮ್ಮ ಮಾತು ಬಾರದವನು.
ರೋಮಿನವನು, ಗಾಲಿನವನು, ಆಮೇಲೆ..."
ಮೇಷ್ಟ್ರು ಕೆಮ್ಮಿದರು. "ಆಮೇಲೆ ನಿಮ್ಮವರು.
ಕೆಲವು ಕಡೆ, ಜೀತದಾಳು ಅಂತಲೂ."

ಅವಳು ಕಾಯಿಯ ಸೀಳಿಗೆ ಚಾಕು ತುರುಕಿ ತಿರುಗಿಸಿದಳು.
ಟಕ್ಕೆಂದಿತು. "ಹಾಗಾದರೆ
ನಾನೂ ಇದೂ ಒಂದೇ ಮನೆತನ."

ಇದನ್ನು ಕನ್ನಡದಲ್ಲಿ ಬರೆಯುವ ನನಗೆ
ಇಲ್ಲಿ ಕೈ ತಡೆಯುತ್ತದೆ.
ನಾವೂ ಹಡಗಿನಿಂದಿಳಿದ ಸುಣ್ಣಕ್ಕೆ, ಎಣ್ಣೆಗೆ, ಬದನೆಗೆ
ಸೀಮೆಯೆಂದು ಹಣೆಪಟ್ಟಿ ಕಟ್ಟಿದವರೇ.
ಗಡಿಗೂ ಅದೇ ಮಾತು, ಗಡಿಯಾಚೆಗೂ ಅದೇ.
ದೂರದಿಂದ ಬಂದವನು ಪರದೇಶಿ, ದಿಕ್ಕಿಲ್ಲದವನೂ ಪರದೇಶಿ;
ಆ ಒಂದು ಮಾತಿನ ಜಗಲಿಯಲ್ಲಿ
ಎಷ್ಟು ಜನ ಚಳಿಗೆ ನಿಂತಿದ್ದಾರೋ.

"ನಿಮ್ಮ ಭಾಷೆಯಲ್ಲಿ ಇದಕ್ಕೇನಂತಾರೆ?"
ಮೇಷ್ಟ್ರು ಕೇಳಿದರು, ನಲವತ್ತೊಂದು ವರ್ಷದಲ್ಲಿ ಮೊದಲ ಸಲ.
"ಕ್ನೈ ಫ್ರೆಂಗಿಗ್. ಫ್ರೆಂಚ್ ಕಾಯಿ."
ನಗು ಉಕ್ಕಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ ಅವಳಿಗೆ.
"ನಾವೂ ಪಕ್ಕದ ಮನೆಗೆ ದಾಟಿಸಿಬಿಟ್ಟಿದ್ದೇವೆ, ನೋಡಿ."
"ಅಲ್ಲಿ ಅದು ನ್ವಾ," ಎಂದರು ಮೇಷ್ಟ್ರು. "ಬರೀ ಕಾಯಿ."

ಬರೀ ಕಾಯಿ.
ಅವಳು ಆ ಎರಡು ಮಾತನ್ನು
ತಿರುಳಿನ ಜೊತೆ ಬಾಯಲ್ಲಿಟ್ಟುಕೊಂಡಳು.

"ಮತ್ತೆ ನಿಮ್ಮನ್ನು ನೀವು?"
"ಕಮ್ರಿ. ಒಂದೇ ನೆಲದವರು ಅಂತ."
ಮೇಷ್ಟ್ರು ತಮ್ಮ ಹೆಬ್ಬೆರಳು ನೋಡಿಕೊಂಡರು.
ಅದಕ್ಕೂ ಹತ್ತಿತ್ತು ಕಪ್ಪು.

ನಿಂಬೆ ಉಜ್ಜಿದಳು, ಬೂದಿ ಉಜ್ಜಿದಳು, ಹೋಗಲಿಲ್ಲ.
ಭಾನುವಾರ ಅದೇ ಬೆರಳಲ್ಲಿ
ಅತ್ತೆಯ ಗೋರಿಯ ಮೇಲೆ ನಾಲ್ಕು ಕಾಯಿಟ್ಟಳು.
"ವೆಲ್ಶಿನವು," ಎಂದಳು. "ತಿನ್ನಿ."