ಹನ್ನೊಂದು ಕೆವಿಯ ಕೆಳಗೆ

ಇರಿಟ್ಟಿಯಿಂದ ಮಾಕುಟ್ಟ ಘಾಟಿ ಹತ್ತುವ ಬಸ್ಸಿನಲ್ಲಿ
ಅರ್ಧ ಕಿಲೋ ರಂಬುಟಾನ್ ತಿಂದು ಮುಗಿಸಿದೆವು.
ಸಿಪ್ಪೆ ಕಿಟಕಿಯಿಂದ ಹೊರಗೆ,
ಬೀಜ ಮಾತ್ರ ಕುಸುಮಾವತಿಯ ಕರ್ಚೀಫಿನೊಳಗೆ.
‘ಒಣಗಿಸಬೇಡಿ,’ ಅಂದಿದ್ದ ಹಣ್ಣಿನವನು,
‘ವಾರ ಕಳೆದರೆ ಅದು ಬರೀ ಕಲ್ಲು.’

ಅವತ್ತು ರಾತ್ರಿಯೇ ನಲ್ಲಿಯಡಿ ಉಜ್ಜಿ ಲೋಳೆ ತೆಗೆದಳು,
ಕಾಫಿ ಸಸಿಯ ಕರಿ ತೊಟ್ಟೆಗಳಲ್ಲಿ
ಚಪ್ಪಟೆ ಮೈ ಕೆಳಗಾಗಿಸಿ ಒತ್ತಿದಳು,
ನೆಂಟರ ಎಂಟು ಮಕ್ಕಳನ್ನು
ಒಂದೇ ಚಾಪೆಯಲ್ಲಿ ಮಲಗಿಸಿದ ಹಾಗೆ.
ಮೂರು ಎದ್ದವು.

ಒಂದನ್ನು ಸೆಕ್ಷನ್ ಆಫೀಸಿನ ಮುಂದೆ ನೆಟ್ಟೆ.
ಇಲಾಖೆಯ ಜೀಪು ಹಿಂದಕ್ಕೆ ಬಂತು.
ಒಂದು ಬೇಲಿಯಾಚೆ ಬೀಪಾತುಮ್ಮನಿಗೆ,
ಪತ್ತಿರಿ ಬಂದ ತಟ್ಟೆ ಖಾಲಿ ಹೋಗಬಾರದೆಂದು.
ಉಳಿದದ್ದು ನಮ್ಮ ಕ್ವಾರ್ಟರ್ಸಿನ ಹಿಂದೆ,
ಒಗೆಯುವ ಕಲ್ಲಿನ ನೀರು ಹರಿಯುವಲ್ಲಿ.
ಮೇಲೆ ನೋಡದೆ ನೆಟ್ಟೆ ನಾನು,
ಲೈನ್‌ಮನ್,
ಇಪ್ಪತ್ತೆರಡು ವರ್ಷ ಮೇಲೆ ನೋಡಿಯೇ ಸಂಬಳ ತಿಂದವನು.

ಏಪ್ರಿಲ್ ನಮಗೆ ಕತ್ತಿಯ ತಿಂಗಳು.
ಮಳೆಗೆ ಮೊದಲು ಸಿದ್ದಾಪುರದಿಂದ ಕರಡಿಗೋಡಿನವರೆಗೆ
ತಂತಿಗೆ ತಾಗುವ ಸಿಲ್ವರು, ಹಲಸು, ಬೆಣ್ಣೆಹಣ್ಣು,
ಯಾರು ನೆಟ್ಟದ್ದೆಂದು ಕೇಳದೆ ಕಡಿಯುತ್ತೇವೆ.
ಬೈಗುಳ ಮೂರು ಭಾಷೆಯಲ್ಲಿ ಬರುತ್ತದೆ.
‘ಮೇಲಿನ ಆರ್ಡರು’ ಎನ್ನುತ್ತೇನೆ, ಮೂರರಲ್ಲೂ.

ಆರನೆಯ ವರ್ಷ ಹೂ ಬಂತು,
ಹಸಿರು ಬೆರೆತ ಬಿಳಿ, ನುಚ್ಚಿನಷ್ಟು ಸಣ್ಣದು.
ಕುಸುಮಾವತಿ ಜಾಮಿನ ಬಾಟಲಿ ತೊಳೆದು ಬಿಸಿಲಿಗಿಟ್ಟಳು.
ಹೂ ಉದುರಿತು.
ಏಳನೆಯ ವರ್ಷವೂ ಬಾಟಲಿ ತೊಳೆದಳು.
ನರ್ಸರಿಯ ಬಿದ್ದಪ್ಪ ಗೊಂಚಲನ್ನು ಉಗುರಲ್ಲಿ ಬಿಡಿಸಿ ನಕ್ಕರು:
‘ಗಂಡು ಕಣಯ್ಯಾ. ಬೀಜದ ಗಿಡ ಅಂದರೆ ಲಾಟರಿ.
ಕಸಿ ತಂದಿದ್ದರೆ ಮುನ್ನೂರು ರೂಪಾಯಿಗೆ ಮುಗಿಯುತ್ತಿತ್ತು.’

ಮರುವರ್ಷ ತುದಿಗೂ ತಂತಿಗೂ ಒಂದೂವರೆ ಮೊಳ.
ಹೊಸ ಹುಡುಗ ಕತ್ತಿ ಹಿಡಿದು ನನ್ನ ಮುಖ ನೋಡಿದ.
ಫೀಡರ್ ಬಂದ್ ಮಾಡಿಸಿ, ಏಣಿ ನಾನೇ ಇಟ್ಟೆ.

ಮೇಲೆ ಗೊಂಚಲು ಗೊಂಚಲಿಗೂ ತುಡುವೆ ಜೇನು,
ಕಾಲಿಗೆ ಹಳದಿ ಮೆತ್ತಿಕೊಂಡು
ಸತ್ತ ತಂತಿಯ ಅಡಿಯಲ್ಲಿ ನುಸುಳಿ
ಬೇಲಿಯಾಚೆ ಹೋಗುತ್ತಿದ್ದವು.
ಅಲ್ಲಿ ಬೀಪಾತುಮ್ಮನ ಮರ,
ಅದೇ ಕರ್ಚೀಫಿನದು,
ಎಳೆಯ ಕಾಯಿಗಳು ಹಸಿರು ಕೂದಲು ಬಿಟ್ಟುಕೊಂಡು ನಿಂತಿದ್ದವು.
ಎಂಟು ವರ್ಷ ನೆಲದಿಂದ ಕಾಣದ್ದು
ಏಣಿಯ ಹನ್ನೊಂದನೆಯ ಮೆಟ್ಟಿಲಲ್ಲಿ ಕಂಡಿತು.

ತುದಿಯಷ್ಟೇ ಕಡಿದೆ.
ಬೇಲಿಯ ಕಡೆಯ ಕೊಂಬೆ ಮುಟ್ಟಲಿಲ್ಲ.
ರಿಜಿಸ್ಟರಿನಲ್ಲಿ ಬರೆದೆ: ಮರ ಒಂದು, ತೆರವು.

ಸೆಪ್ಟೆಂಬರಿನಲ್ಲಿ ತಟ್ಟೆ ತುಂಬ ಕೆಂಪು.
‘ನಿಮ್ಮದು ಬಿಡುವುದೇ ಇಲ್ಲವಲ್ಲ, ಪಾಪ,’ ಅಂದರು ಬೀಪಾತುಮ್ಮ.
ನಾನು ಹೇಳಲು ಹೊರಟೆ. ಕುಸುಮಾವತಿ ಕಾಲು ತುಳಿದಳು.
ತಿರುಳು ಬೀಜ ಬಿಡುವುದಿಲ್ಲ, ಹಲ್ಲಲ್ಲಿ ಕೆರೆಯಬೇಕು,
ಹುಳಿ ಮುಂದು, ಸಿಹಿ ತಡವಾಗಿ.
ಬೇಯಿಸಿ, ಸೋಸಿ, ಸಕ್ಕರೆ ಸ್ವಲ್ಪ ಜಾಸ್ತಿಯೇ ಹಾಕಿ
ಒಂದು ಬಾಟಲಿ ಜಾಮು ಅದೇ ತಟ್ಟೆಯಲ್ಲಿ ವಾಪಸು ಹೋಯಿತು.

ಉಳಿದ ಬೀಜ ಸಿಂಕಿನ ಪಕ್ಕ ಸಾಲಾಗಿ ಇಟ್ಟಿದ್ದಾಳೆ.
‘ಈ ಸಲ ಮೇಲೆ ನೋಡಿ ನೆಡಿ,’ ಎನ್ನುತ್ತಾಳೆ.
ಫೋನು ಬಡಿಯುತ್ತದೆ.
ನೆಲ್ಯಹುದಿಕೇರಿಯಲ್ಲಿ ಕರೆಂಟಿಲ್ಲ, ಯಾವುದೋ ಕೊಂಬೆ.