ಅಪ್ಪಣೆ

ಶುಕ್ರವಾರ. ನಮಾಜು ಮುಗಿದು ಇನ್ನೂ ತಾಸಾಗಿಲ್ಲ,
ಸುವೈಕ್‌ನ ಈ ತೋಟದ ಗೇಟಿಗೆ
ಬಿಳಿ ಪಿಕಪ್ಪೊಂದು ಬಂದು ನಿಂತಿತು, ಹಾರ್ನ್ ಹಾಕದೆ.
ಹಾರ್ನ್ ಹಾಕದವರು ಏನೋ ಬೇಡಲು ಬಂದವರು.

ಇಳಿದವನು ಹುಡುಗ, ಹೆಸರು ಮುಹನ್ನದ್.
ಒಂದು ಕೈಯಲ್ಲಿ ಹಲ್ವದ ಡಬ್ಬಿ,
ಇನ್ನೊಂದು ಕೈ ಖಾಲಿ. ಕೋವಿಯನ್ನು ಸೀಟಿನ ಹಿಂದೆ
ಕಂಬಳಿ ಹೊದಿಸಿ ಮಲಗಿಸಿದ್ದ,
ಜ್ವರ ಬಂದ ಕೂಸಿನ ಹಾಗೆ.

ಮಾಲಕಿ ಝುವೈನಾ ನಿಂಬೆಗಿಡದ ನೆರಳಲ್ಲಿ ಚಾಪೆ ಹಾಸಿ ಕೂತಿದ್ದಳು.
ಮೊದಲು ಕಾಫಿ. ಆಮೇಲೆ ಅವನ ತಂದೆಯ ಮಂಡಿನೋವು,
ಚಿಕ್ಕಪ್ಪನ ಒಂಟೆ, ಮಳೆ ಬರುವ ಸುದ್ದಿ, ಬಾರದ ಸುದ್ದಿ.
ಬಟ್ಟಲು ಅಲುಗಿಸಿ ಸಾಕೆಂದ ಮೇಲೆಯೇ
ಮಾತು ಕುದುರೆಮೆಂತೆಯ ಮಡಿಗೆ ಇಳಿದದ್ದು:
ಅಲ್ಲಿ ಕವಜುಗಗಳಿವೆಯಂತೆ. ನಾಲ್ಕೇ ನಾಲ್ಕು ಸಾಕಂತೆ.
ಬೇಲಿ ಮುರಿಯುವುದಿಲ್ಲ, ಪೈಪಿಗೆ ಚರೆ ತಗಲುವುದಿಲ್ಲ.

ನಾನು ಅದೇ ಪೈಪು ಹಿಡಿದು ನಿಂತಿದ್ದೆ.
ಕವಜುಗ ಎಂದರೆ ನನಗೆ ಅಜ್ಜ.
ಸುರಪುರದ ಆಚೆ, ಎರೆಹೊಲದ ಬದುವಿನಲ್ಲಿ
ಬಲೆ ಹೆಗಲಿಗೇರಿಸಿ, ಕೆರ ಕಳಚಿ ಕಂಕುಳಲ್ಲಿಟ್ಟು
"ಹೊಲದಾಗ ಇಳೀಲೇನ್ರಿ, ಧಣಿ?" ಎನ್ನುತ್ತಿದ್ದ.
ಧಣಿ ಅರ್ಧ ತಾಸು ಬೇವಿನಕಡ್ಡಿ ಜಗಿಯುತ್ತಿದ್ದ.
ಹೂಂ ಎಂದರೆ ಆರರಲ್ಲಿ ಎರಡು ಹಕ್ಕಿ ಅವನ ಮನೆಗೆ.
ಊಹೂಂ ಎಂದ ದಿನ ನಮ್ಮಲ್ಲಿ ಪುಂಡಿಪಲ್ಲೆ.
ಆದರೂ ಅಜ್ಜನಿಗೆ ಅವನದೇ ಒಂದು ಕಾನೂನಿತ್ತು:
ಮರಿ ಇದ್ದ ತಾಯಿಯ ಮೇಲೆ ಬಲೆ ಬೀಸಬಾರದು.
ಅದಕ್ಕೆ ಯಾವ ಧಣಿಯ ಸಹಿಯೂ ಬೇಕಿರಲಿಲ್ಲ.

ಸಹಿ ಎಂದೆನೆ? ನನ್ನ ಕಾರ್ಡು, ನನ್ನ ರಜೆ,
ಊರಿಗೆ ಹೋಗುವ ದಿನ, ಬರುವ ದಿನ,
ಎಲ್ಲದರ ಕೆಳಗೂ ಝುವೈನಾಳ ಹೆಬ್ಬೆಟ್ಟು. ನೀಲಿ.
ಹದಿನಾಲ್ಕು ವರ್ಷ.

ಅವಳು ಹಲ್ವದ ಡಬ್ಬಿ ತೆರೆಯಲಿಲ್ಲ.
"ನೆಲ ನನ್ನದು," ಎಂದಳು, "ಹಕ್ಕಿಯ ಲೆಕ್ಕ ಇವನದು.
ಬೆಳಗಾದರೆ ನೀರು ಬಿಡುವವನು ಇವನು.
ಮಾನಪ್ಪ ಹೂಂ ಎಂದರೆ ಹೊಡೆ."

ಹುಡುಗ ನನ್ನ ಕಡೆ ತಿರುಗಿದ.
ಬೇಡುವವರೆಲ್ಲ ಒಂದೇ ಥರ ಎಂಜಲು ನುಂಗುತ್ತಾರೆ.
ಅಂಗೈಯಲ್ಲಿ ಪೈಪು ಬುಸುಗುಟ್ಟಿತು.
ಒಂದು ಗಳಿಗೆ, ಸುಳ್ಳೇಕೆ, ನನಗೂ
ಬೇವಿನಕಡ್ಡಿ ಜಗಿಯುವ ಆಸೆಯಾಯಿತು.

"ಮರಿ ಇವೆ," ಎಂದೆ,
ಮುರುಕು ಅರಬ್ಬಿಯಲ್ಲಿ, ಬೆರಳಲ್ಲಿ ಗಾತ್ರ ತೋರಿಸಿ.
ಡಿಸೆಂಬರು. ಮರಿ ಎಲ್ಲಿಂದ ಬರಬೇಕು?
ಝುವೈನಾ ನನ್ನನ್ನು ನೋಡಿದಳು,
ಈ ತೋಟದಲ್ಲಿ ಎಪ್ಪತ್ತು ಚಳಿಗಾಲ ಕಂಡ ಕಣ್ಣಿಂದ.
ಏನೂ ಅನ್ನಲಿಲ್ಲ. ಬಟ್ಟಲಿಗೆ ಒಂದು ಗುಟುಕು ಸುರಿದು
ನನ್ನತ್ತ ಚಾಚಿದಳು.

"ಯಾವಾಗ ದೊಡ್ಡವಾಗುತ್ತವೆ?" ಹುಡುಗ ಕೇಳಿದ.
"ಅದನ್ನು ಅಮ್ಮನನ್ನು ಕೇಳು," ಎಂದೆ.

ಪಿಕಪ್ಪು ಹೋಯಿತು. ಡಬ್ಬಿ ಉಳಿಯಿತು.
ರಾತ್ರಿ ಕೋಣೆಯಲ್ಲಿ ಬೆರಳಿಂದ ಬಗೆದು ತಿಂದೆ:
ಏಲಕ್ಕಿ, ಗುಲಾಬಿ ನೀರು, ಗಂಟಲಿಗಂಟುವ ತುಪ್ಪ.
ನನಗೆ ಕವಜುಗದ ಮಾಂಸ ಬಲು ಇಷ್ಟ. ಇಲ್ಲಿ ಯಾರಿಗೂ ಹೇಳಿಲ್ಲ.

ನಸುಕಿನಲ್ಲಿ ಮಡಿಗೆ ನೀರು ತಿರುವಿ
ಕೆಸರಲ್ಲಿ ನಿಂತು ಎಣಿಸಿದೆ. ಹನ್ನೊಂದು.
ಎಣಿಸುವಾಗ ಹೆಗಲು ತಾನಾಗಿ
ಬಲೆ ಬೀಸುವಂತೆ ಒಮ್ಮೆ ತಿರುಗಿತು,
ಪೈಪಿನ ನೀರು ಅಂಗಿ ತುಂಬ.