ತೂತುಗಳ ಲೆಕ್ಕ

ಚಾಮುಂಡಿ ಬೆಟ್ಟ, ನಂದಿಗೆ ಹೋಗುವ ತಿರುವಿನ ಕೆಳಗೆ
ಹೊಸ ಗೋಡೆಯಲ್ಲಿ ಇನ್ನೂರ ಹತ್ತು ತೂತು.
ನಾನೇ ಎಣಿಸಿದ್ದೆ. ಎಂ.ಬಿ. ಪುಸ್ತಕದ
ನಲವತ್ತೊಂದನೇ ಪುಟದಲ್ಲಿ ಸಹಿಯಿದೆ.

ಗುರುವಾರ ಸಾಹೇಬರು ಬರುವ ಸುದ್ದಿ.
ಬುಧವಾರವೆಲ್ಲ ನಾನು ಕೆಳಗೆ, ಬಸ್ ನಿಲ್ದಾಣದ
ಸ್ಲ್ಯಾಬಿಗೆ ಕಾಂಕ್ರೀಟು ಹಾಕಿಸುತ್ತಿದ್ದೆ.
ಇಲ್ಲಿ ಮೇಸ್ತ್ರಿ ಜವರಪ್ಪ
ತೂತಿಗೆಲ್ಲ ಗಾರೆ ಮೆತ್ತಿ ಸುಣ್ಣ ಬಳಿದು
'ನೀಟಾಗಿ ಕಾಣ್ಲಿ ಅಂತ, ಮೇಡಂ' ಅಂದ.

ನಿಜಕ್ಕೂ ಚೆಂದವಿತ್ತು ಗೋಡೆ,
ಹೊಟ್ಟೆ ಒಳಗೆಳೆದುಕೊಂಡು
ಫೋಟೋಗೆ ನಿಂತವರ ಹಾಗೆ.

ಒಂಬತ್ತಕ್ಕೆ, ಬಿಟ್ಟಿದ್ದ ಮಳೆ ಮತ್ತೆ ಹಿಡಿಯಿತು.
ರಸ್ತೆಯ ಬಿರುಕಿಗೆ ಅಂಟಿಸಿದ್ದ ಗಾಜಿನ ಪಟ್ಟಿಗೆ
ಟಾರ್ಚು ಬಿಟ್ಟೆ. ಒಡೆದಿರಲಿಲ್ಲ.
ಇನ್ನೂ, ಅಂದುಕೊಂಡೆ.
'ಜವರಪ್ಪ, ಹನ್ನೆರಡು ಎಂ.ಎಂ. ಸರಳು ತನ್ನಿ.'

ಬೈಯಲಿಲ್ಲ. ಅವನೂ ಮಾತಾಡಲಿಲ್ಲ.
ಡ್ರಿಲ್ಲಿನ ಪಳನಿ, ಅವನ ತಮ್ಮ, ನಾವಿಬ್ಬರು
ಒಂದೊಂದೇ ಚುಚ್ಚುತ್ತ ಹೋದೆವು.
ಮೂವತ್ತು, ಒಣ. ಅರವತ್ತು, ಒಣ.
ತೊಂಬತ್ತೆಂಟನೆಯದು ಕೆಮ್ಮಿತು
ಕೆಂಪು ನೀರು, ಜವರಪ್ಪನ ಮುಖಕ್ಕೇ.
ಒರೆಸಿಕೊಳ್ಳದೆ ನಿಂತ:
'ಬೆಟ್ಟುಕ್ಕೆ ಉಸಿರು ಕಟ್ಟಿತ್ತು ಕಣವ್ವ.'
ಮೇಡಂ ಅನ್ನುವುದು ಮರೆತಿತ್ತು.

ಬೆಳಿಗ್ಗೆ ಸುಣ್ಣದ ಮೇಲೆ ಉದ್ದುದ್ದ ಕಂದು ಗೆರೆ.
ಸಾಹೇಬರು ಕಾರಿನ ಗಾಜಿಳಿಸಿ ಕೇಳಿದರು,
'ಏನ್ರೀ ಇದು, ಹೊಸಾ ಗೋಡೆ ಸೋರ್ತಾ ಇದೆಯಲ್ಲ?'
'ಹೌದು ಸರ್. ಸೋರಬೇಕು.'
ಅವರು ಗಾಜು ಏರಿಸಿದರು.

ಆ ರಾತ್ರಿಯ ಕೆಲಸಕ್ಕೆ ದರಪಟ್ಟಿಯಲ್ಲಿ ಬಾಬ್ತಿಲ್ಲ.
ನಲವತ್ತೆರಡನೇ ಪುಟದಲ್ಲಿ ಬರೆದದ್ದು ಇಷ್ಟೇ:
ತೆರೆದ ತೂತು, ಇನ್ನೂರ ಏಳು.
ಮೂರು ಇನ್ನೂ ಸಿಕ್ಕಿಲ್ಲ.